ಮನೆಗೊಂದು ಕಾಲುಸಂಕ: ಗೀಟ್‌ಹೋರ್ನ್‌ಗೆ ಹೋಗುವವರಿಗೆ

ಗೀಟ್‌ಹೋರ್ನ್ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಹುಲ್ಲಿನ ಮಾಡು, ಮನೆ ಮುಂದೆ ಕಾಲುವೆ, ಕಾಲುವೆ ಮೇಲೊಂದು ಪುಟ್ಟ ಮರದ ಸೇತುವೆ (ನಮ್ಮ ಕಡೆಯ ಕಾಲುಸಂಕ), ಅಂಗಳದ ತುಂಬ ಹೂವು. ‘ರಸ್ತೆಯೇ ಇಲ್ಲದ ಊರು’ ಅಂತ ವಾಟ್ಸಾಪಿನಲ್ಲಿ ಸುತ್ತುವ ವಿಡಿಯೊ ಇದರದ್ದೇ. ನೆದರ್ಲೆಂಡ್ಸ್ ದೇಶದ ಓವರೈಸಲ್ ಪ್ರಾಂತ್ಯದಲ್ಲಿದೆ. ಆಮ್‌ಸ್ಟರ್‌ಡ್ಯಾಮಿನಿಂದ ಸುಮಾರು 120 ಕಿಲೋಮೀಟರ್.

ಆ ಚಿತ್ರಗಳಲ್ಲಿ ಜನ ಇರುವುದಿಲ್ಲ. ಅದೇ ಮೋಸ. ನಾನು ಮೊದಲ ಸಲ ಹೋಗಿದ್ದು ಜುಲೈ ತಿಂಗಳ ಒಂದು ಶನಿವಾರ, ಮಧ್ಯಾಹ್ನ 1 ಗಂಟೆಗೆ. ಕಾಲುವೆಯಲ್ಲಿ ನೀರಿಗಿಂತ ದೋಣಿಯೇ ಜಾಸ್ತಿ. ಎದುರಿಗೆ ಬಂದವರೊಬ್ಬರು ನಮ್ಮ ದೋಣಿಯ ಮೂತಿಯನ್ನು ಕಾಲಿನಿಂದ ಒದ್ದು ಬದಿಗೆ ಸರಿಸಿ ನಗುತ್ತಾ ಮುಂದೆ ಹೋದರು. ಎರಡು ಗಂಟೆ ಸುತ್ತಿ, ಬಿಸಿಲಲ್ಲಿ ಸುಟ್ಟು, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡು ವಾಪಸ್ ಬಂದೆ.

ಮತ್ತೆ ಹೋಗಿದ್ದು ಅಪ್ಪ ಅಮ್ಮ ಊರಿಂದ ಬಂದಾಗ. ಮೇ ತಿಂಗಳು, ಮಂಗಳವಾರ. ರಾತ್ರಿ ಅಲ್ಲೇ ಉಳಿದೆವು. ಬೆಳಿಗ್ಗೆ ಆರೂವರೆಗೆ ಕಾಲುವೆ ಪಕ್ಕ ನಡೆಯುವಾಗ ಬಾತುಕೋಳಿ ಬಿಟ್ಟರೆ ನಾವು ಮೂವರೇ. ಅಮ್ಮ ಕುಂದಾಪುರ ಹತ್ತಿರದ ಉಪ್ಪಿನಕುದ್ರು ಕಡೆಯವರು. ಕುದ್ರು ಅಂದರೆ ಹೊಳೆ ನಡುವಿನ ನಡುಗಡ್ಡೆ. ಸ್ವಲ್ಪ ದೂರ ಹೋಗಿ ನಿಂತು, “ಇದು ನಮ್ಮ ಕುದ್ರಿನ ಹಾಂಗೇ ಇತ್ತಲ್ಲ ಮಾರಾಯ” ಅಂದರು.

ಹಾಗಾಗಿ ನಾನು ಹೇಳಹೊರಟಿದ್ದು ಮುಖ್ಯವಾಗಿ ಹೊತ್ತಿನ ವಿಷಯ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಊರು ಹೀಗೇಕೆ ಆಯಿತು

ಇದನ್ನು ತಿಳಿದುಕೊಂಡು ಹೋದರೆ ಕಣ್ಣಿಗೆ ಕಾಣುವುದೇ ಬೇರೆ. ಈ ಕಾಲುವೆಗಳನ್ನು ಯಾರೂ ಚೆಂದಕ್ಕೆ ತೋಡಿದ್ದಲ್ಲ. ಸೌದೆಗಾಗಿ ತೋಡಿದ್ದು.

ಇಲ್ಲಿನ ನೆಲ ಪೀಟ್. ಅಂದರೆ ಜವುಗಿನಲ್ಲಿ ಸಾವಿರಾರು ವರ್ಷ ಸತ್ತು ಬಿದ್ದ ಗಿಡಗಂಟಿಗಳು ಪೂರ್ತಿ ಕೊಳೆಯದೆ ಒತ್ತಿಕೊಂಡು ಆದ ಕಪ್ಪು ಮಣ್ಣು. ಒಣಗಿಸಿದರೆ ಚೆನ್ನಾಗಿ ಉರಿಯುತ್ತದೆ. ಕಾಡು ಕಡಿಮೆ ಇರುವ ಈ ದೇಶದ ಪಟ್ಟಣಗಳಲ್ಲಿ ಶತಮಾನಗಳ ಕಾಲ ಒಲೆ ಉರಿದದ್ದು ಇದರಿಂದಲೇ. ಉದ್ದ ಹಿಡಿಯ ಬಲೆಯಂಥ ಸಲಕರಣೆಯಲ್ಲಿ ನೀರಿನಡಿಯ ಪೀಟನ್ನು ಬಾಚಿ ತೆಗೆಯುತ್ತಿದ್ದರು. ಪಕ್ಕದಲ್ಲಿ ತೋಡದೆ ಬಿಟ್ಟ ಉದ್ದನೆಯ ಪಟ್ಟಿ ನೆಲದ ಮೇಲೆ ಅದನ್ನು ಹರವಿ, ಒಣಗಿಸಿ, ಇಟ್ಟಿಗೆಯ ಹಾಗೆ ತುಂಡು ಮಾಡುತ್ತಿದ್ದರು. ತೋಡಿದ ಗುಂಡಿಗೆ ‘ವೇರ್’, ಒಣಗಿಸುವ ಪಟ್ಟಿಗೆ ‘ರಿಬ್’. ಪಕ್ಕದ ರಾಷ್ಟ್ರೀಯ ಉದ್ಯಾನದ ಹೆಸರಲ್ಲಿರುವ ‘ವೇರಿಬ್ಬನ್’ ಇದೇ ಎರಡು ಮಾತು ಸೇರಿ ಆದದ್ದು.

ಒಣಗಿದ ಪೀಟ್ ಸಾಗಿಸಲು ದೋಣಿ ಬೇಕು, ದೋಣಿಗೆ ಕಾಲುವೆ ಬೇಕು. ಹೀಗೆ ತೋಡುತ್ತಾ ತೋಡುತ್ತಾ ಉಳಿದದ್ದು ಸಣ್ಣ ಸಣ್ಣ ನೆಲದ ತುಂಡು. ಮನೆ ಕಟ್ಟಿದ್ದು ಅದರ ಮೇಲೆ. ಆಮೇಲೆ ತುಂಡಿನಿಂದ ತುಂಡಿಗೆ ಕಾಲುಸಂಕ. ಈಗ ಊರಿನಲ್ಲಿ 170ಕ್ಕೂ ಹೆಚ್ಚು ಸೇತುವೆಗಳಿವೆ. ಎಷ್ಟೋ ಸೇತುವೆ ಒಂದೇ ಮನೆಗೆ ಸೇರಿದ್ದು. ಸೇತುವೆಗಳು ನಡುವೆ ಎತ್ತರ ಇರುವುದನ್ನು ನೋಡಿ. ಹುಲ್ಲು ಹೇರಿದ ದೋಣಿ ಕೆಳಗೆ ದಾಟಬೇಕಿತ್ತಲ್ಲ. ಹುಲ್ಲು, ಹಸು, ಮದುವೆ ದಿಬ್ಬಣ, ಹೆಣ, ಎಲ್ಲವೂ ಇಲ್ಲಿ ದೋಣಿಯಲ್ಲೇ ಹೋಗುತ್ತಿತ್ತು.

ಆಸೆ ಜಾಸ್ತಿಯಾಗಿ ನೆಲವನ್ನು ಅಳತೆ ಮೀರಿ ತೋಡಿದ ಕಡೆ ಗಾಳಿ, ಅಲೆ ಸೇರಿ ಆ ಪಟ್ಟಿಗಳನ್ನೂ ತಿಂದು ಹಾಕಿದವು. ಸುತ್ತಲಿನ ದೊಡ್ಡ ಕೆರೆಗಳು ಹುಟ್ಟಿದ್ದು ಹಾಗೆ. ಹತ್ತಿರದ ಬ್ಯೂಲಾಕೆ ಎಂಬ ಹಳ್ಳಿ 1776ರ ಪ್ರವಾಹದಲ್ಲಿ ಮುಳುಗಿಯೇ ಹೋಯಿತು. ಅದರ ಹೆಸರು ಈಗ ಕೆರೆಗೆ ಇದೆ, ಊರಿಗಿಲ್ಲ.

ಗೀಟ್‌ಹೋರ್ನ್ ಎಂದರೆ ‘ಮೇಕೆ ಕೊಂಬು’. 13ನೇ ಶತಮಾನದಲ್ಲಿ ಇಲ್ಲಿ ನೆಲೆಸಲು ಬಂದವರಿಗೆ ಜವುಗಿನಲ್ಲಿ ರಾಶಿ ಮೇಕೆ ಕೊಂಬು ಸಿಕ್ಕಿತು, 1170ರ ದೊಡ್ಡ ನೆರೆಯಲ್ಲಿ ಸತ್ತ ಮೇಕೆಗಳದ್ದು ಅಂತ ಊರವರು ಹೇಳುವ ಕಥೆ. ಡಚ್ಚರು ಮೊದಲ ಅಕ್ಷರವನ್ನು ಗಂಟಲಿನಿಂದ ಕೆರೆದ ಹಾಗೆ ‘ಖೀಟ್’ ಅನ್ನುತ್ತಾರೆ. ಬಸ್ಸಿನಲ್ಲಿ ನೀವು ‘ಗೀಟ್’ ಅಂದರೂ ಅರ್ಥವಾಗುತ್ತದೆ.

‘ಕಾರಿಲ್ಲ’ ಅಂದರೆ ಎಷ್ಟು ಇಲ್ಲ

ಪೂರ್ತಿ ಇಲ್ಲ ಅಂತಲ್ಲ. ಹಳೆಯ ಊರಿನೊಳಗೆ ಮಾತ್ರ ಇಲ್ಲ. ಊರಿನ ಪಕ್ಕದಲ್ಲೇ, ಅದಕ್ಕೆ ಸಮಾನಾಂತರವಾಗಿ, ಬ್ಯೂಲಾಕರ್‌ವೆಖ್ ಎಂಬ ಟಾರು ರಸ್ತೆ ಹೋಗುತ್ತದೆ. ಬಸ್ಸು, ಕಾರು, ಹೋಟೆಲು, ವಾಹನ ನಿಲ್ದಾಣ ಎಲ್ಲ ಆ ಕಡೆ. ಹೊಸ ಮನೆಗಳಿರುವ ಭಾಗಕ್ಕೂ ಕಾರು ಹೋಗುತ್ತದೆ. ಬಸ್ಸಿನಿಂದ ಇಳಿದು “ಇದೇನಾ ಆ ಊರು?” ಅಂತ ಪೆಚ್ಚಾಗಬೇಡಿ. ಚಿತ್ರದಲ್ಲಿರುವ ಊರು ಅಲ್ಲಿಂದ ಐದು ಹತ್ತು ನಿಮಿಷದ ನಡಿಗೆ. ಮುಖ್ಯ ಕಾಲುವೆಯ ಹೆಸರು ಡಾರ್ಪ್ಸ್‌ಗ್ರಾಖ್ಟ್, ಅದರ ಪಕ್ಕದ ಕಾಲುದಾರಿ ಬಿನ್ನನ್‌ಪಾಡ್. ಮ್ಯಾಪಿನಲ್ಲಿ ಈ ಎರಡು ಹೆಸರು ಹುಡುಕಿಟ್ಟುಕೊಂಡರೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಮಾತು. ಇದು ವಸ್ತು ಸಂಗ್ರಹಾಲಯ ಅಲ್ಲ. ಮೂರು ಸಾವಿರಕ್ಕಿಂತ ಸ್ವಲ್ಪ ಕಡಿಮೆ ಜನ ವಾಸ ಮಾಡುವ ಊರು. ಪ್ರವೇಶ ಟಿಕೆಟ್ ಇಲ್ಲ, ಗೇಟ್ ಇಲ್ಲ. ಗೇಟ್ ಇಲ್ಲದ್ದರಿಂದಲೇ ಜನ ಎಲ್ಲೆಂದರಲ್ಲಿ ನುಗ್ಗುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ದಿನ ಆರಿಸುವುದು

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದೋಣಿ ಸೀಸನ್. ಜುಲೈ, ಆಗಸ್ಟ್ ಎರಡೂ ಬಿಡಿ. ಶನಿವಾರ, ಭಾನುವಾರ ಬಿಡಿ. ಈಸ್ಟರ್ ರಜೆ ಮತ್ತು ಏಪ್ರಿಲ್ 27ರ ರಾಜನ ದಿನದ ಆಸುಪಾಸು ಕೂಡ ಬೇಡ. ನನ್ನ ಆಯ್ಕೆ ಮೇ ಕೊನೆ, ಜೂನ್ ಮೊದಲ ಭಾಗ ಅಥವಾ ಸೆಪ್ಟೆಂಬರ್, ಅದರಲ್ಲೂ ಮಂಗಳವಾರದಿಂದ ಗುರುವಾರದೊಳಗೆ. ಮಕ್ಕಳ ಶಾಲೆ ರಜೆಯಲ್ಲೇ ಬರಬೇಕಾದವರಿಗೆ ದಿನ ಬದಲಿಸಲು ಆಗದಿದ್ದರೆ ಹೊತ್ತು ಬದಲಿಸಿ.

ಹೊತ್ತಿನ ಲೆಕ್ಕ ಸುಲಭ. ಆಮ್‌ಸ್ಟರ್‌ಡ್ಯಾಮಿನಿಂದ ಪ್ರವಾಸಿ ಬಸ್ಸುಗಳು ಹೊರಟು ಬಂದು ತಲುಪುವಾಗ 11 ಗಂಟೆಯ ಸುಮಾರು. ಮಧ್ಯಾಹ್ನ 4ರ ಹೊತ್ತಿಗೆ ಅವು ವಾಪಸ್ ಹೊರಡುತ್ತವೆ. ಈ ಐದು ಗಂಟೆ ಬಿಟ್ಟು ಉಳಿದದ್ದೆಲ್ಲ ನಿಮ್ಮದು. ಜೂನ್‌ನಲ್ಲಿ ಬೆಳಿಗ್ಗೆ ಐದೂಕಾಲಕ್ಕೇ ಸೂರ್ಯ ಹುಟ್ಟಿ, ಮುಳುಗಲು ರಾತ್ರಿ 10 ಆಗುತ್ತದೆ. ಸಂಜೆ 6 ಗಂಟೆಗೆ ಅಲ್ಲಿ ನಮ್ಮ ಮಧ್ಯಾಹ್ನ ಮೂರರ ಬೆಳಕು ಇರುತ್ತದೆ. ಊರಲ್ಲಿ ಆರು ಗಂಟೆಗೆ ದೀಪ ಹಚ್ಚಿ ಅಭ್ಯಾಸವಾದ ನಮಗೆ ಇದು ತಲೆಗೆ ಹೋಗುವುದೇ ಇಲ್ಲ.

ಚಳಿಗಾಲದಲ್ಲಿ ಹೋದರೆ ದೋಣಿ ಕೊಡುವವರು ಬಹಳಷ್ಟು ಮಂದಿ ಬಾಗಿಲು ಹಾಕಿರುತ್ತಾರೆ. ಚಳಿ ಬಿಗಿಯಾಗಿ ಹಿಡಿದು ಕಾಲುವೆ ಹೆಪ್ಪುಗಟ್ಟಿದರೆ ಊರವರೆಲ್ಲ ಅದರ ಮೇಲೆ ಸ್ಕೇಟಿಂಗ್ ಮಾಡುತ್ತಾರೆ. ಆದರೆ ಎಲ್ಲ ವರ್ಷವೂ ಹೆಪ್ಪುಗಟ್ಟುವುದಿಲ್ಲ, ಅದನ್ನು ನಂಬಿ ಟಿಕೆಟ್ ಮಾಡಿಸಬೇಡಿ.

ತಲುಪುವುದು

ಭಾರತದಿಂದ ಬರುವವರಿಗೆ ಶೆಂಗನ್ ವೀಸಾ ಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೂ ಅರ್ಜಿ ಹಾಕಬಹುದು. ಬೇಸಿಗೆ ಪ್ರಯಾಣವಾದರೆ ಬೇಗ ಹಾಕಿ, ಸಂದರ್ಶನದ ದಿನ ಸಿಗುವುದೇ ಕಷ್ಟ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮಿಗೆ ನೇರ ವಿಮಾನ ಇದೆ. ಇಷ್ಟು ಸಾಕು, ವೀಸಾ ಬಗ್ಗೆ ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ.

ಅಲ್ಲಿಂದ ಮುಂದೆ ರೈಲು ಮತ್ತು ಬಸ್ಸು. ರೈಲಿನಲ್ಲಿ ಇಳಿಯಬೇಕಾದ ಸ್ಟೇಷನ್ ಸ್ಟೇನ್‌ವೈಕ್. ಇದು ಜ್ವೋಲೆಯಿಂದ ಲೇವಾರ್ಡನ್‌ಗೆ ಹೋಗುವ ಹಾದಿಯಲ್ಲಿದೆ. ಆಮ್‌ಸ್ಟರ್‌ಡ್ಯಾಮಿನಿಂದ ಸುಮಾರು ಒಂದೂವರೆ ಗಂಟೆ. ಯಾವ ರೈಲು ಹಿಡಿದಿರಿ ಎಂಬುದರ ಮೇಲೆ ಒಮ್ಮೆ ಬದಲಿಸಬೇಕಾಗಬಹುದು. ದೇಶದ ದಕ್ಷಿಣದ ಐಂಡ್‌ಹೋವನ್ ಕಡೆಯಿಂದ ಬರುವ ನಮ್ಮವರು ಬಾಗಿಲಿನಿಂದ ಬಾಗಿಲಿಗೆ ಮೂರು ಗಂಟೆ ಮೇಲೆಯೇ ಇಟ್ಟುಕೊಳ್ಳಿ. ಸ್ಟೇಷನ್ ಎದುರಿನಿಂದಲೇ ಗೀಟ್‌ಹೋರ್ನ್ ಬಸ್ಸು, ಕಾಲು ಗಂಟೆ ಚಿಲ್ಲರೆ. ಹಳೆ ಊರಿಗೆ ಹತ್ತಿರದ ನಿಲುಗಡೆ ಡೊಮಿನೀ ಹಿಲ್ಕೆಮಾವೆಖ್. ರೈಲು, ಬಸ್ಸು ಎರಡರ ವೇಳೆಯನ್ನೂ ಒಟ್ಟಿಗೆ ತೋರಿಸುವ ‘9292’ ಆ್ಯಪ್ ಹಾಕಿಕೊಳ್ಳಿ. ಭಾನುವಾರ ಬಸ್ಸು ಕಡಿಮೆ.

ಟಿಕೆಟ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಈ ದೇಶದಲ್ಲಿ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ಮುಟ್ಟಿಸಿ ರೈಲು, ಬಸ್ಸು ಹತ್ತಬಹುದು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಇಳಿಯುವಾಗ ಮರೆತರೆ ನೀವು ಪ್ರಯಾಣಿಸಿದ್ದಕ್ಕಿಂತ ಜಾಸ್ತಿ ಕಡಿತವಾಗಬಹುದು. ರೈಲು ಒಬ್ಬರದ್ದು, ಬಸ್ಸು ಇನ್ನೊಬ್ಬರದ್ದು. ಹಾಗಾಗಿ ಸ್ಟೇನ್‌ವೈಕ್ ಸ್ಟೇಷನ್ನಿನಲ್ಲಿ ಮುಟ್ಟಿಸಿ ಹೊರಬಂದು, ಬಸ್ಸಿನಲ್ಲಿ ಮತ್ತೆ ಮುಟ್ಟಿಸಬೇಕು. ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡಿನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಹತ್ತಿಸಲು ಹೋದರೆ ಎರಡನೆಯವರು ಹತ್ತುವಾಗ ಮೊದಲನೆಯವರು ಇಳಿದ ಲೆಕ್ಕವಾಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ: ಫೋನಿನಲ್ಲಿರುವ ಕಾರ್ಡು ಮತ್ತು ಕೈಯಲ್ಲಿರುವ ಅದೇ ಕಾರ್ಡು ಯಂತ್ರದ ಕಣ್ಣಿಗೆ ಬೇರೆ ಬೇರೆ. ಫೋನ್ ಮುಟ್ಟಿಸಿ ಹತ್ತಿದರೆ ಫೋನ್ ಮುಟ್ಟಿಸಿಯೇ ಇಳಿಯಿರಿ.

ಭಾರತದ ಕಾರ್ಡಾದರೆ ಹೊರಡುವ ಮೊದಲೇ ಬ್ಯಾಂಕ್ ಆ್ಯಪಿನಲ್ಲಿ ವಿದೇಶದ ಬಳಕೆ ಮತ್ತು ‘ಟ್ಯಾಪ್’ ಎರಡನ್ನೂ ಆನ್ ಮಾಡಿಕೊಳ್ಳಿ. ವೀಸಾ, ಮಾಸ್ಟರ್‌ಕಾರ್ಡ್ ಇಟ್ಟುಕೊಂಡರೆ ಒಳ್ಳೆಯದು. ಕಾರ್ಡಿಲ್ಲದ ಹಿರಿಯರಿಗೆ ರೈಲಿನ ಟಿಕೆಟನ್ನು ಸ್ಟೇಷನ್ ಯಂತ್ರದಲ್ಲೋ ಆ್ಯಪಿನಲ್ಲೋ ತೆಗೆದುಕೊಡಿ.

ಕಾರಿನಲ್ಲಿ ಬರುವವರು ಬೆಳಿಗ್ಗೆ ಹತ್ತರೊಳಗೆ ಬನ್ನಿ. ಗುರುತು ಮಾಡಿದ ಜಾಗದಲ್ಲೇ ನಿಲ್ಲಿಸಿ. ರಸ್ತೆ ಬದಿಯ ಹುಲ್ಲಿನ ಮೇಲೆ ನಿಲ್ಲಿಸಿ ದಂಡ ಕಟ್ಟಿದವರ ಪಟ್ಟಿಯಲ್ಲಿ ನನ್ನ ಗೆಳೆಯನೂ ಇದ್ದಾನೆ.

ದೋಣಿ

ಮೂರು ದಾರಿ ಇದೆ. ಒಂದು, ಚಾಲಕರಿರುವ ದೊಡ್ಡ ಪ್ರವಾಸಿ ದೋಣಿ. ಸುಮಾರು ಒಂದು ಗಂಟೆಯ ಸುತ್ತು, ತಲೆಗೆ ಇಷ್ಟು ಅಂತ ಲೆಕ್ಕ. ಮಾಡು ಇರುತ್ತದೆ, ಮಳೆ ಬಂದರೆ ಒದ್ದೆಯಾಗುವುದಿಲ್ಲ, ಮಂಡಿ ನೋವಿನವರಿಗೆ ಹತ್ತಿ ಇಳಿಯಲು ಸುಲಭ. ಎರಡು, ನೀವೇ ಓಡಿಸುವ ವಿದ್ಯುತ್ ದೋಣಿ. ಇದಕ್ಕೆ ಡಚ್ಚರು ಇಟ್ಟ ಹೆಸರು ‘ಫ್ಲೌಸ್ಟರ್‌ಬೋಟ್’, ಅಂದರೆ ಪಿಸುಗುಡುವ ದೋಣಿ. ಬಾಡಿಗೆ ದೋಣಿಗೆ, ತಲೆಗಲ್ಲ. ಹಾಗಾಗಿ ನಾಲ್ಕೈದು ಜನ ಇದ್ದರೆ ಇದೇ ಅಗ್ಗ. ಲೈಸೆನ್ಸ್ ಬೇಡ. ಮೂರನೆಯದು, ಈ ಊರಿನ ಹಳೆಯ ದೋಣಿ ‘ಪುಂಟರ್’. ತಳ ಚಪ್ಪಟೆ, ಎರಡೂ ತುದಿ ಚೂಪು. ಉದ್ದನೆಯ ಗಳ ಊರಿ ತಳ್ಳುವುದು. ನಮ್ಮ ಕಡೆ ಹೊಳೆಯಲ್ಲಿ ದೋಣಿ ದಾಟಿಸುವವರು ಗಳ ಹಾಕುವುದನ್ನು ನೋಡಿದವರಿಗೆ ಇದೇನೂ ಹೊಸದಲ್ಲ. ನೋಡಲು ಸುಲಭ, ಮಾಡಲು ಕಷ್ಟ. ಅಪ್ಪ ತಾವು ಸಣ್ಣವರಿದ್ದಾಗ ಮಾಡಿದ್ದೇನೆ ಅಂತ ಕೈ ಹಾಕಿದರು. ಗಳ ಕೆಸರಲ್ಲಿ ಹೂತುಹೋಯಿತು, ದೋಣಿ ಮುಂದೆ ಹೋಯಿತು. ಪುಣ್ಯಕ್ಕೆ ಅಪ್ಪ ಗಳ ಬಿಟ್ಟರು, ದೋಣಿ ಬಿಡಲಿಲ್ಲ.

ನನ್ನ ಸಲಹೆ ಎರಡನೆಯದು. ಅದರಲ್ಲೂ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ, ಎರಡು ಅಥವಾ ಮೂರು ಗಂಟೆಗೆ. ಒಂದು ಗಂಟೆಗೆ ತೆಗೆದುಕೊಂಡರೆ ಇಡೀ ಹೊತ್ತು ವಾಚು ನೋಡುವುದೇ ಆಗುತ್ತದೆ. ರಜಾದಿನವಾದರೆ ಮೊದಲೇ ಆನ್‌ಲೈನಿನಲ್ಲಿ ಹಿಡಿದಿಡಿ. ದೋಣಿ ಕೊಡುವಾಗ ದಾರಿ ತೋರಿಸುವ ನಕ್ಷೆ ಕೊಡುತ್ತಾರೆ, ಕೊಡದಿದ್ದರೆ ಕೇಳಿ ತೆಗೆದುಕೊಳ್ಳಿ. ಮಕ್ಕಳಿದ್ದರೆ ಲೈಫ್ ಜಾಕೆಟ್ ಬಾಯಿಬಿಟ್ಟು ಕೇಳಿ. ತಾವಾಗಿ ಕೊಡದಿರಬಹುದು.

ಈಗ ಓಡಿಸುವುದು. ಮೊದಲ ಹತ್ತು ನಿಮಿಷ ನೀವು ಎರಡೂ ದಡಕ್ಕೆ ಗುದ್ದುತ್ತೀರಿ. ಎಲ್ಲರೂ ಗುದ್ದುತ್ತಾರೆ. ತಪ್ಪು ಆಗುವುದು ಒಂದೇ ಕಾರಣಕ್ಕೆ: ಕಾರಿನ ಹಾಗೆ ತಕ್ಷಣ ತಿರುಗುತ್ತದೆ ಅಂದುಕೊಳ್ಳುತ್ತೇವೆ. ದೋಣಿ ಒಂದು ಕ್ಷಣ ತಡೆದು ತಿರುಗುತ್ತದೆ. ತಿರುಗಲಿಲ್ಲ ಅಂತ ಇನ್ನೂ ಜಾಸ್ತಿ ತಿರುಗಿಸಿದರೆ ಆಮೇಲೆ ಒಮ್ಮೆಲೇ ಅಡ್ಡ ನಿಲ್ಲುತ್ತದೆ. ಸ್ವಲ್ಪ ತಿರುಗಿಸಿ, ಕಾಯಿರಿ. ಬ್ರೇಕ್ ಇಲ್ಲ. ನಿಲ್ಲಿಸಬೇಕಾದರೆ ಮೊದಲು ಸೊನ್ನೆಗೆ ತಂದು, ಆಮೇಲೆ ಹಿಂದಕ್ಕೆ ಸ್ವಲ್ಪ ಕೊಡಬೇಕು. ಕೆಲವು ದೋಣಿಯಲ್ಲಿ ಸ್ಟಿಯರಿಂಗ್ ಬದಲು ಹಿಂದೆ ಒಂದು ಕೋಲು ಇರುತ್ತದೆ. ಕೋಲನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಇದು ತಲೆಗೆ ಹತ್ತಲು ಇನ್ನೂ ಐದು ನಿಮಿಷ.

ಇಲ್ಲಿ ಬಲಗಡೆ ಸಂಚಾರ, ನಮ್ಮ ಹಾಗೆ ಎಡಗಡೆ ಅಲ್ಲ. ಎದುರಿಗೆ ದೋಣಿ ಬಂದಾಗ ಕೈ ತಾನಾಗಿ ಎಡಕ್ಕೆ ಹೋಗುತ್ತದೆ, ನೆನಪಿಟ್ಟುಕೊಂಡೇ ಬಲಕ್ಕೆ ತನ್ನಿ. ಊರೊಳಗೆ ವೇಗದ ಮಿತಿ ಗಂಟೆಗೆ 6 ಕಿಲೋಮೀಟರ್, ಅಂದರೆ ಜೋರು ನಡಿಗೆ. ಕೆಲವು ಕಾಲುವೆಗೆ ಒಂದೇ ದಿಕ್ಕಿನಲ್ಲಿ ಹೋಗಬೇಕು ಎಂಬ ಬೋರ್ಡ್ ಇರುತ್ತದೆ. ಸೇತುವೆ ಕೆಳಗೆ ಹೋಗುವಾಗ ಎದ್ದು ನಿಂತು ಫೋಟೊ ತೆಗೆಯಬೇಡಿ, ತಲೆ ಬಗ್ಗಿಸಿ. ಗುದ್ದುವ ಹಾಗಾದಾಗ ಕೈಯಿಂದ ಕಂಬವನ್ನು ತಡೆಯಲು ಹೋಗಲೇಬೇಡಿ. ದೋಣಿಗೆ ರಬ್ಬರ್ ಪಟ್ಟಿ ಇದೆ, ನಿಮ್ಮ ಬೆರಳಿಗಿಲ್ಲ.

ಹತ್ತುವಾಗ ಒಬ್ಬೊಬ್ಬರೇ, ಅಂಚಿನ ಮೇಲಲ್ಲ, ನಡುವೆ ಕಾಲಿಟ್ಟು ಹತ್ತಿ. ಭಾರ ಎರಡೂ ಬದಿಗೆ ಸರಿಯಾಗಿ ಹಂಚಿ ಕೂರಿ. ಅಮ್ಮನನ್ನು ಹತ್ತಿಸುವಾಗ ನಾನು ದೋಣಿಯಿಂದ ಕೈ ಕೊಟ್ಟೆ, ಅದು ತಪ್ಪು. ನಾನೇ ಅಲ್ಲಾಡುತ್ತಿದ್ದೆ. ದಡದಲ್ಲಿ ಗಟ್ಟಿಯಾಗಿ ನಿಂತವರು ಕೈ ಹಿಡಿಯಬೇಕು.

ಕಾಲುವೆ ಆಳ ಒಂದು ಮೀಟರ್ ಆಸುಪಾಸು. ದೊಡ್ಡವರು ಬಿದ್ದರೆ ಮುಳುಗುವುದಕ್ಕಿಂತ ಕೆಸರು ಮೆತ್ತಿಕೊಂಡು ಎದ್ದು ನಿಲ್ಲುವುದೇ ಜಾಸ್ತಿ. ಹಾಗಂತ ಸಣ್ಣ ಮಕ್ಕಳ ವಿಷಯದಲ್ಲಿ ಸಲಿಗೆ ಬೇಡ.

ಊರಿನ ಕಾಲುವೆ ಮುಗಿದ ಮೇಲೆ ಬೋವನ್‌ವೈಡೆ ಎಂಬ ಕೆರೆ ತೆರೆದುಕೊಳ್ಳುತ್ತದೆ. ಎಲ್ಲ ದೋಣಿ ಸುತ್ತುಗಳೂ ಹೆಚ್ಚುಕಡಿಮೆ ಇದನ್ನು ದಾಟಿ ಬರುತ್ತವೆ. ಅಲ್ಲಿ ಗಾಳಿಗೆ ತಡೆ ಇಲ್ಲ. ತಳ ಚಪ್ಪಟೆಯ ದೋಣಿಯನ್ನು ಗಾಳಿ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಸೇರಬೇಕಾದ ಕಾಲುವೆ ಬಾಯಿಗಿಂತ ಸ್ವಲ್ಪ ಗಾಳಿ ಬರುವ ಕಡೆಗೇ ಗುರಿ ಇಟ್ಟು ಹೊರಡಿ. ಮೇ ತಿಂಗಳಲ್ಲೂ ಕೆರೆ ಮೇಲೆ ಚಳಿ ಇರುತ್ತದೆ, ಹಿರಿಯರಿಗೆ ಕಿವಿ ಮುಚ್ಚುವ ಟೋಪಿ ಇರಲಿ. ಕೊಡೆ ಸುಮ್ನೆ ಭಾರ, ಗಾಳಿಗೆ ಮಡಚಿಹೋಗುತ್ತದೆ. ಮಳೆ ಕೋಟು ತನ್ನಿ.

ನಡೆಯುವಾಗ

ದೋಣಿ ಮುಗಿಸಿ ಹೊರಟುಬಿಡುವವರೇ ಹೆಚ್ಚು. ನನಗೆ ಕೇಳಿದರೆ ನಡಿಗೆಯೇ ದೊಡ್ಡದು. ಬಿನ್ನನ್‌ಪಾಡ್ ದಾರಿಯಲ್ಲಿ ಹೋಟೆಲು, ಅಂಗಡಿಗಳ ಗಲಾಟೆ ನಡುವಿನ ಸ್ವಲ್ಪ ಭಾಗದಲ್ಲಿ ಮಾತ್ರ. ಉತ್ತರಕ್ಕೋ ದಕ್ಷಿಣಕ್ಕೋ ಕಾಲು ಗಂಟೆ ನಡೆಯಿರಿ, ಜನ ತಟ್ಟನೆ ಕಡಿಮೆಯಾಗುತ್ತಾರೆ.

ಮನೆಗಳ ಮಾಡನ್ನು ಗಮನಿಸಿ. ಹೊದಿಸಿದ್ದು ಭತ್ತದ ಹುಲ್ಲಲ್ಲ, ಸುತ್ತಲಿನ ಜವುಗಿನಲ್ಲಿ ಬೆಳೆಯುವ ಜೊಂಡು. ಚಳಿಗಾಲದಲ್ಲಿ ಅದನ್ನು ಕೊಯ್ದು ಕಟ್ಟು ಕಟ್ಟುವುದು ಈಗಲೂ ಇಲ್ಲಿನ ಕೆಲಸ. ಕೆಲವು ಹಳೆ ಮನೆಗಳ ಮಾಡು ಮುಂದೆ ತಗ್ಗು, ಹಿಂದೆ ಎತ್ತರ. ‘ಒಂಟೆ ಮಾಡು’ ಅನ್ನುತ್ತಾರೆ. ಹಸು ಹೆಚ್ಚಾದಂತೆ ಹುಲ್ಲು ತುಂಬಲು ಜಾಗ ಬೇಕಾಯಿತು. ಸುತ್ತ ನೀರು, ಅಗಲಕ್ಕೆ ಬೆಳೆಸಲು ನೆಲವಿಲ್ಲ. ಹಿಂಭಾಗದ ಕೊಟ್ಟಿಗೆಯನ್ನು ಮೇಲಕ್ಕೆ ಎತ್ತಿದರು. ಅಮ್ಮ ಇದನ್ನು ಕೇಳಿ, ತಮ್ಮ ಅಜ್ಜನ ಮನೆಯ ಅಟ್ಟದ ಕಥೆ ಶುರು ಮಾಡಿ ಅರ್ಧ ಗಂಟೆ ನಿಲ್ಲಿಸಲೇ ಇಲ್ಲ.

ಒಂದು ಮನೆಯ ಒಳಗೆ ನೋಡುವ ಆಸೆ ಇದ್ದರೆ ‘ಟ್ ಓಲ್ಡೆ ಮಾಟ್ ಊಸ್’ ಎಂಬ ಮ್ಯೂಸಿಯಂಗೆ ಹೋಗಿ. ಹಳೆಯ ರೈತರ ಮನೆ. ನೂರು ವರ್ಷದ ಹಿಂದೆ ಇಲ್ಲಿನವರು ಎಲ್ಲಿ ಮಲಗುತ್ತಿದ್ದರು, ಏನು ಬೇಯಿಸುತ್ತಿದ್ದರು, ಪೀಟ್ ಹೇಗೆ ತೆಗೆಯುತ್ತಿದ್ದರು ಎಲ್ಲ ಇದೆ. ಮಳೆ ಹಿಡಿದುಕೊಂಡರೆ ಮೊದಲು ಇಲ್ಲಿಗೇ ಓಡಿ.

ಈಗ ಮೊದಲು ಬಿಟ್ಟಿದ್ದ ಮಾತು. 1958ರಲ್ಲಿ ಒಂದು ಡಚ್ ಹಾಸ್ಯ ಚಿತ್ರ ಇಲ್ಲಿ ತೆಗೆದ ಮೇಲೆ ಊರು ದೇಶದೊಳಗೆ ಹೆಸರಾಯಿತು. ಈಗ ಜಗತ್ತಿನ ಎಲ್ಲ ಕಡೆಯಿಂದ ಜನ ಬರುತ್ತಾರೆ. ಅವರಲ್ಲಿ ಕೆಲವರು ಯಾರದ್ದೋ ಸಂಕ ದಾಟಿ, ಯಾರದ್ದೋ ಅಂಗಳದಲ್ಲಿ ನಿಂತು, ಯಾರದ್ದೋ ಕುರ್ಚಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ‘ಖಾಸಗಿ’ ಎಂಬ ಬೋರ್ಡ್ ಇಲ್ಲದಿದ್ದರೂ, ಒಂದೇ ಮನೆಗೆ ಹೋಗುವ ಸಂಕ ಆ ಮನೆಯ ಮೆಟ್ಟಿಲು ಅಂತ ತಿಳಿಯಿರಿ. ನಮ್ಮೂರಲ್ಲೂ ಗೊತ್ತಿಲ್ಲದವರು ಜಗಲಿ ಹತ್ತಿ ಬಂದರೆ ನಾವು ಸುಮ್ನಿರುತ್ತೇವಾ? ಕಿಟಕಿಗೆ ಪರದೆ ಇಲ್ಲದಿರುವುದು ಡಚ್ಚರ ರೂಢಿ, ಒಳಗೆ ಇಣುಕಲು ಕರೆ ಅಲ್ಲ. ಡ್ರೋನ್ ತರಬೇಡಿ. ದೋಣಿಯನ್ನು ಸಿಕ್ಕ ಸಿಕ್ಕ ದಡಕ್ಕೆ ಕಟ್ಟಬೇಡಿ. ಸೈಕಲ್ ಇದ್ದರೆ ಜನ ಇರುವ ಹೊತ್ತಲ್ಲಿ ಇಳಿದು ತಳ್ಳಿಕೊಂಡು ಹೋಗಿ. ದಾರಿ ಅಷ್ಟು ಸಪೂರ.

ಚಕ್ರದ ಕುರ್ಚಿಯಲ್ಲಿರುವವರಿಗೆ ದಾರಿ ಸಮತಟ್ಟು, ಆದರೆ ಸೇತುವೆಗಳ ಏರು ಕಡಿದು. ತಳ್ಳಲು ಗಟ್ಟಿ ಕೈ ಬೇಕು.

ಹೊಟ್ಟೆ ಮತ್ತು ಅದರ ಮುಂದಿನದು

ಮಾಂಸ ತಿನ್ನದವರಿಗೆ ಡಚ್ ಹಳ್ಳಿಯಲ್ಲಿ ಸಿಗುವುದು ‘ಪನ್ನಕೂಕ್’, ಅಗಲವಾದ ಮೈದಾ ದೋಸೆಯಂಥದ್ದು. ಸೇಬು ಹಾಕಿದ್ದು, ಚೀಸ್ ಹಾಕಿದ್ದು ಇರುತ್ತದೆ. ‘ಸ್ಪೆಕ್’ ಅಂತ ಬರೆದಿದ್ದರೆ ಅದು ಹಂದಿ ಮಾಂಸ. ಸಾಸಿವೆ ಸೂಪ್ ಸಸ್ಯಾಹಾರದಂತೆ ಕಾಣುತ್ತದೆ, ಒಳಗೆ ಸ್ಪೆಕ್ ಚೂರು ಇರಬಹುದು. ಒಂದು ಕಡೆ ನಾನು ಕೇಳದೆ ತರಿಸಿ, ಅಮ್ಮನ ಮುಂದೆ ಬಟ್ಟಲು ಬಂದ ಮೇಲೆ ಗೊತ್ತಾಯಿತು. “ಝೊಂಡರ್ ಫ್ಲೇಸ್” ಅಂದರೆ ‘ಮಾಂಸ ಇಲ್ಲದೆ’. ಮೊಟ್ಟೆಯನ್ನೂ ತಿನ್ನದವರಿಗೆ ಪನ್ನಕೂಕ್ ಆಗದು. ಅವರಿಗೆ ಆಲೂಗಡ್ಡೆ ಫ್ರೀಟ್ (ಫ್ರೆಂಚ್ ಫ್ರೈಸ್) ಗತಿ.

ಅದಕ್ಕೇ ಬುತ್ತಿ ಕಟ್ಟಿಕೊಂಡು ಹೋಗಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ. ಹೋಟೆಲಿನ ಕುರ್ಚಿಯಲ್ಲಿ ಕೂತು ಸ್ವಂತ ಬುತ್ತಿ ಬಿಚ್ಚುವಂತಿಲ್ಲ. ದೋಣಿಯಲ್ಲಿ ಬಿಚ್ಚಬಹುದು. ಕೆರೆ ಆಚೆಯ ಸಣ್ಣ ಕಾಲುವೆಯೊಂದರಲ್ಲಿ ಜೊಂಡಿನ ಪಕ್ಕ ದೋಣಿ ನಿಲ್ಲಿಸಿ ತಿಂದ ಪುಳಿಯೋಗರೆ ನಮ್ಮ ಆ ಪ್ರವಾಸದ ಒಳ್ಳೆಯ ಊಟ. ಕಸ ವಾಪಸ್ ತನ್ನಿ. ಬಾತುಕೋಳಿಗೆ ಅನ್ನ ಹಾಕುವುದು ಬೇಡ.

ದೋಣಿಯಲ್ಲಿ ಟಾಯ್ಲೆಟ್ ಇಲ್ಲ. ಇದನ್ನು ಎಲ್ಲರೂ ಒಂದು ಗಂಟೆ ತಡವಾಗಿ ನೆನಪಿಸಿಕೊಳ್ಳುತ್ತಾರೆ. ಹತ್ತುವ ಮೊದಲು ಮುಗಿಸಿಕೊಳ್ಳಿ. ಈ ದೇಶದಲ್ಲಿ ಟಾಯ್ಲೆಟ್‌ಗೆ ಅರ್ಧ, ಒಂದು ಯೂರೋ ಕೊಡುವುದು ಮಾಮೂಲಿ, ಚಿಲ್ಲರೆ ಇರಲಿ.

ಉಳಿಯುವುದು, ಇಲ್ಲವೇ ಆಚೆ ಹೋಗುವುದು

ಒಂದು ರಾತ್ರಿ ಉಳಿಯಲು ಆಗುವುದಾದರೆ ಉಳಿಯಿರಿ. ಊರೊಳಗೆ ದುಬಾರಿ ಅನಿಸಿದರೆ ಸ್ಟೇನ್‌ವೈಕ್‌ನಲ್ಲಿ ಉಳಿದು ಬೆಳಿಗ್ಗೆ ಮೊದಲ ಬಸ್ಸು ಹಿಡಿಯಿರಿ. ಕಾಲುವೆ ಪಕ್ಕದ ಮನೆ ಹಿಡಿಯುವಾಗ ಒಂದು ಕೇಳಿ: ಕಾರು ಅಥವಾ ಬಸ್ಸಿನಿಂದ ಬಾಗಿಲಿಗೆ ಎಷ್ಟು ದೂರ, ಸಾಮಾನು ಹೇಗೆ ತರುವುದು? ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಕಾಲುಸಂಕ ಹತ್ತಿ ಇಳಿಯುವುದು ಹಗುರದ ಕೆಲಸವಲ್ಲ. ದೊಡ್ಡ ಸಾಮಾನು ಆಮ್‌ಸ್ಟರ್‌ಡ್ಯಾಮಿನಲ್ಲೇ ಬಿಟ್ಟು ಬೆನ್ನಿನ ಚೀಲದಲ್ಲಿ ಬನ್ನಿ.

ಎರಡನೇ ದಿನ ಕೈಯಲ್ಲಿದ್ದರೆ ಗೀಟ್‌ಹೋರ್ನ್ ಬಿಟ್ಟು ಡ್ವಾರ್ಸ್‌ಗ್ರಾಖ್ಟ್ ಎಂಬ ಪಕ್ಕದ ಹಳ್ಳಿಗೆ ಸೈಕಲ್‌ನಲ್ಲೋ ದೋಣಿಯಲ್ಲೋ ಹೋಗಿ. ಅದೇ ಕಾಲುವೆ, ಅದೇ ಜೊಂಡಿನ ಮಾಡು, ಜನ ಮಾತ್ರ ಬೆರಳೆಣಿಕೆ. ಸುತ್ತಲೂ ಇರುವುದು ವೇರಿಬ್ಬನ್-ವೀಡನ್ ರಾಷ್ಟ್ರೀಯ ಉದ್ಯಾನ, ಸುಮಾರು 10,000 ಹೆಕ್ಟೇರ್ ಜವುಗು. ಈ ದೇಶದಲ್ಲಿ ಪೂರ್ತಿ ಅಳಿದುಹೋಗಿದ್ದ ನೀರುನಾಯಿಗಳನ್ನು 2002ರಲ್ಲಿ ಮತ್ತೆ ತಂದು ಬಿಟ್ಟದ್ದು ಇಲ್ಲೇ. ಹಗಲು ಕಾಣುವುದು ಅಪರೂಪ. ಕೆನ್ನೀಲಿ ಬಕ ಕಾಣಬಹುದು. ಸಿಂಟ್ ಯಾನ್ಸ್‌ಕ್ಲೋಸ್ಟರ್ ಊರಿನ ಹಳೆಯ ನೀರಿನ ಟ್ಯಾಂಕಿಯ ಗೋಪುರ ಹತ್ತಿದರೆ ತೋಡಿದ ಪಟ್ಟಿ, ಬಿಟ್ಟ ಪಟ್ಟಿ, ಕೆರೆ ಎಲ್ಲ ಮೇಲಿನಿಂದ ನಕ್ಷೆಯ ಹಾಗೆ ಕಾಣುತ್ತದೆ. ಮೆಟ್ಟಿಲು ಬಹಳ. ಅಮ್ಮ ಕೆಳಗೇ ಕೂತರು.

ಅದೇ ದಿನ ವಾಪಸ್ ಹೋಗುವವರು ಬೆಳಿಗ್ಗೆ ಬಸ್ಸಿಂದ ಇಳಿದ ಕೂಡಲೇ ಎದುರು ದಿಕ್ಕಿನ ನಿಲುಗಡೆ ಎಲ್ಲಿದೆ ನೋಡಿಟ್ಟುಕೊಳ್ಳಿ, ಕೊನೆಯ ಬಸ್ಸಿನ ಹೊತ್ತನ್ನು ಫೋಟೊ ಹೊಡೆದಿಡಿ. ಸಂಜೆ ಏಳರ ಮೇಲೆ ಬಸ್ಸು ವಿರಳ. ಕೊನೆಯದನ್ನು ನಂಬದೆ ಅದರ ಹಿಂದಿನದಕ್ಕೇ ಹೊರಡಿ. ಸ್ಟೇನ್‌ವೈಕ್‌ನಲ್ಲಿ ಇಳಿಯುವಾಗ ಕಾರ್ಡ್ ಮುಟ್ಟಿಸಿ. ಅಪ್ಪ ಬರುವಾಗಲೂ ಮರೆತರು, ಹೋಗುವಾಗಲೂ ಮರೆತರು.